ಸಮಾರ್ಯದವನ ಕತೆ ಬಾಯಿಪಾಠ ಇದ್ದೂ ನಾನು ಗಾಡಿ ನಿಲ್ಲಿಸಲಿಲ್ಲ

ಭಾನುವಾರ ಶಾಲೆ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಇದನ್ನು ಬರೆಯಲೋ ಬೇಡವೋ ಎಂದು ಎರಡು ವಾರ ಯೋಚಿಸಿದೆ. ಬರೆಯದೆ ಇರಲು ಆಗುತ್ತಿಲ್ಲ.

ಕುಣಿಗಲ್ ಕಡೆಯಿಂದ ನೆಲಮಂಗಲಕ್ಕೆ ಕಾರಿನಲ್ಲಿ ಬರುತ್ತಿದ್ದೆ. ಸಂಜೆ ಏಳು ಗಂಟೆ, ಜಿಟಿಜಿಟಿ ಮಳೆ. ಊರು ಇನ್ನೇನು ಬಂತು ಅನ್ನುವಾಗ ರಸ್ತೆ ಬದಿಯಲ್ಲಿ ಒಂದು ಬೈಕ್ ಬಿದ್ದಿತ್ತು. ಅದರಾಚೆ ಒಬ್ಬ ಮನುಷ್ಯ. ಕಾಲು ಅಲುಗುತ್ತಿತ್ತು, ಅದು ನನಗೆ ಚೆನ್ನಾಗಿಯೇ ಕಂಡಿತು. ಬ್ರೇಕ್ ಒತ್ತಿದೆ. ಹಿಂದಿನ ಲಾರಿ ಹಾರ್ನ್ ಹೊಡೆಯಿತು. ನನಗೆ ಅಷ್ಟೇ ನೆಪ ಸಾಕಾಯಿತು. ಮುಂದೆ ಹೋಗಿಬಿಟ್ಟೆ.

ಅವಸರ ಏನೂ ಇರಲಿಲ್ಲ. ಮನೆಯಲ್ಲಿ ಯಾರೂ ಕಾಯುತ್ತಿರಲಿಲ್ಲ. ತಲೆಯಲ್ಲಿ ಓಡಿದ್ದು ಪೊಲೀಸ್, ಆಸ್ಪತ್ರೆ, ಕೋರ್ಟು. ಹಿಂದೆ ಬರುವವರು ಯಾರಾದರೂ ನೋಡಿಕೊಳ್ಳುತ್ತಾರೆ ಅನ್ನುವ ಸಮಾಧಾನ ಬೇರೆ. ಹನ್ನೊಂದು ವರ್ಷದಿಂದ ನಮ್ಮ ಚರ್ಚಿನ ಭಾನುವಾರ ಶಾಲೆಯಲ್ಲಿ ಯೇಸು ಹೇಳಿದ ಒಳ್ಳೆಯ ಸಮಾರ್ಯದವನ ಕತೆ ಹೇಳಿಕೊಡುತ್ತಿದ್ದೇನೆ. ಕಳ್ಳರು ಹೊಡೆದು ದಾರಿಯಲ್ಲಿ ಬಿಟ್ಟುಹೋದವನನ್ನು ಯಾಜಕ, ಅಂದರೆ ಪೂಜಾರಿ, ಮತ್ತು ದೇವಾಲಯದ ಸೇವಕನಾದ ಲೇವಿಯ ಇಬ್ಬರೂ ನೋಡಿ ದಾಟಿಹೋಗುತ್ತಾರೆ. ಯೆಹೂದ್ಯರಿಗೆ ಆಗದ ಸಮಾರ್ಯದ ಜನದವನೊಬ್ಬ ನಿಂತು ಕಾಪಾಡುತ್ತಾನೆ. ಮಕ್ಕಳಿಗೆ ಯಾಜಕನ ವೇಷ, ಲೇವಿಯನ ವೇಷ ಹಾಕಿಸಿ ನಾಟಕ ಆಡಿಸಿದ್ದೇನೆ. ಬಿದ್ದವನನ್ನು ನೋಡಿ ಪಕ್ಕಕ್ಕೆ ಸರಿದು ಹೋಗುವುದು ಹೇಗೆ ಎಂದು ನಾನೇ ನಡೆದು ತೋರಿಸಿದ್ದೇನೆ. ಆ ನಡಿಗೆ ನೆನಪಾಗಿಯೇ ಸ್ಟೀರಿಂಗ್ ಹಿಡಿದ ಕೈ ನಡುಗಿತು.

ಎರಡು ಯೂ-ಟರ್ನ್ ಹೊಡೆದು ವಾಪಸ್ ಬರುವಷ್ಟರಲ್ಲಿ ಹತ್ತು ಹನ್ನೆರಡು ನಿಮಿಷ ಆಗಿತ್ತು. ಅಷ್ಟರಲ್ಲಿ ಅಲ್ಲಿ ಒಬ್ಬ ಡೆಲಿವರಿ ಹುಡುಗ ಇದ್ದ. ತನ್ನ ಗಾಡಿಯನ್ನು ಅಡ್ಡ ನಿಲ್ಲಿಸಿ, ಇಂಡಿಕೇಟರ್ ಹಾಕಿ, ಮೊಬೈಲ್ ಟಾರ್ಚ್ ಬೀಸುತ್ತಾ ನಿಂತಿದ್ದ. 108ಕ್ಕೆ ಫೋನ್ ಮಾಡಿದ್ದ. ಆದರೆ ಕನ್ನಡ ಬಾರದು, ಜಾಗ ಯಾವುದು ಎಂದು ಹೇಳಲು ಆಗುತ್ತಿರಲಿಲ್ಲ. ನನ್ನನ್ನು ನೋಡಿದವನೇ ಫೋನ್ ಕೈಗಿಟ್ಟ. ಅವನ ಇನ್ನೊಂದು ಜೇಬಿನಲ್ಲಿ ಮತ್ತೊಂದು ಫೋನ್ ಒಂದೇ ಸಮ ಬಡಿದುಕೊಳ್ಳುತ್ತಿತ್ತು. ಯಾರದೋ ಊಟ ತಣ್ಣಗಾಗುತ್ತಿತ್ತು, ಅವನ ದುಡ್ಡು ಕಟ್ ಆಗುತ್ತಿತ್ತು. ಆಂಬುಲೆನ್ಸ್ ಬರುವವರೆಗೂ ಅವನು ಕದಲಲಿಲ್ಲ.

ಆಂಬುಲೆನ್ಸ್ ಹಿಂದೆ ನಾನು ಕಾರಿನಲ್ಲಿ ಹೋದೆ. ಆಸ್ಪತ್ರೆಯಲ್ಲಿ ಮೊದಲು ಕೇಳಿದ್ದು ‘ನೀವು ಏನಾಗಬೇಕು?’ ಎರಡನೆಯದು ‘ಅಡ್ವಾನ್ಸ್ ಕಟ್ಟಿ’. ಜೇಬಿನಲ್ಲಿದ್ದಷ್ಟು ಕಟ್ಟಿದೆ. ಹತ್ತು ಗಂಟೆಗೆ ಗಾಯಾಳುವಿನ ಮನೆಯವರು ಬಂದರು, ನಾನು ಹೊರಟೆ. ಗಾಯಾಳುವಿನ ಹೆಲ್ಮೆಟ್ ಇನ್ನೂ ನನ್ನ ಹಿಂದಿನ ಸೀಟಿನಲ್ಲೇ ಇದೆ.

ನನ್ನ ಪ್ರಶ್ನೆ ಇದು. ಈ ಕತೆ ನಮಗೆಲ್ಲ ಗೊತ್ತು. ಕ್ರೈಸ್ತರಲ್ಲದವರಿಗೂ ಗೊತ್ತು. ಆದರೂ ಆ ಹೊತ್ತಿಗೆ ಅದು ಯಾಕೆ ಕೈಗೆ ಬರುವುದಿಲ್ಲ? ನಾವು ಅದನ್ನು ತಪ್ಪಾಗಿ ಓದುತ್ತಿದ್ದೇವಾ?

ಕಂಕನಾಡಿ

ಮೇಷ್ಟ್ರೇ, ನೀವು ವಾಪಸ್ ಬಂದಿರಿ. ಅದನ್ನು ಸಣ್ಣದು ಮಾಡಬೇಡಿ.

ಓದುವ ವಿಷಯಕ್ಕೆ ಬಂದರೆ, ಈ ಕತೆ ಇರುವ ಬೈಬಲಿನ ಲೂಕ 10ನೇ ಅಧ್ಯಾಯದಲ್ಲಿ ಒಂದು ಮಾತು ನನ್ನನ್ನು ತುಂಬಾ ಕಾಡುತ್ತದೆ. ಸಮಾರ್ಯದವನು ಬಿದ್ದವನನ್ನು ಕಂಡು ಕನಿಕರಪಟ್ಟ ಎಂದು ಓದುತ್ತೇವೆ. ಮೂಲ ಗ್ರೀಕಿನಲ್ಲಿರುವ ಪದ ಹೊಟ್ಟೆಯೊಳಗಿನ ಕರುಳಿನಿಂದ ಬಂದದ್ದು. ನಮ್ಮಲ್ಲಿ ಕರುಳು ಚುರ್ ಅಂತು ಎನ್ನುತ್ತೇವಲ್ಲ, ಸರಿಯಾಗಿ ಅದೇ. ಅವನು ಧರ್ಮಶಾಸ್ತ್ರ ತೆಗೆದು ನೋಡಲಿಲ್ಲ. ಕರುಳು ಹಿಂಡಿತು, ಕಾಲು ಅತ್ತ ಹೋಯಿತು.

ಆಮೇಲೆ ಅವನು ಮಾಡಿದ್ದನ್ನು ಲೂಕ ಒಂದೊಂದಾಗಿ ಹೇಳುತ್ತಾನೆ. ಹತ್ತಿರ ಹೋದ. ಎಣ್ಣೆ, ದ್ರಾಕ್ಷಾರಸ ಹಾಕಿ ಗಾಯ ಕಟ್ಟಿದ. ತನ್ನ ಪ್ರಾಣಿಯ ಮೇಲೆ ಕೂರಿಸಿದ. ಅಂದರೆ ತಾನು ನಡೆದ. ಛತ್ರಕ್ಕೆ ಕರೆದೊಯ್ದು ರಾತ್ರಿ ಆರೈಕೆ ಮಾಡಿದ. ಕತೆ ಇಷ್ಟು ಚಿಕ್ಕದು, ಆದರೂ ಈ ಭಾಗದಲ್ಲಿ ಯೇಸು ಅವಸರವೇ ಮಾಡುವುದಿಲ್ಲ.

ಕತೆ ನಡೆಯುವ ದಾರಿ ಯೆರೂಸಲೇಮಿನಿಂದ ಯೆರಿಕೋಗೆ, ಸುಮಾರು 27 ಕಿಲೋಮೀಟರ್. ಸುಮಾರು 1000 ಮೀಟರ್ ಇಳಿಜಾರು. ಬೋಳು ಗುಡ್ಡ, ಬಂಡೆ, ತಿರುವು. ಕಳ್ಳರಿಗೆ ಹೇಳಿ ಮಾಡಿಸಿದ ದಾರಿ. ಅಲ್ಲಿ ನಿಲ್ಲುವುದು ಹೈವೇಯಲ್ಲಿ ನಿಲ್ಲುವುದಕ್ಕಿಂತ ಜಾಸ್ತಿ ಅಪಾಯ. ಬಿದ್ದವನು ಕಳ್ಳರ ಗುಂಪಿನವನೇ ಇದ್ದರೆ? ಆ ಭಯ ಆಗಲೂ ಇತ್ತು.

ನೈಟ್ ಡ್ಯೂಟಿ

ನಾನು ನರ್ಸ್. 14 ವರ್ಷದಿಂದ ಎಮರ್ಜೆನ್ಸಿಯಲ್ಲಿದ್ದೇನೆ. ಮೇಷ್ಟ್ರ ಪೋಸ್ಟ್ ಓದಿ ಸಿಟ್ಟು ಬಂತು. ಅವರ ಮೇಲಲ್ಲ, ಆ ಕೌಂಟರ್ ಮೇಲೆ. ದಯವಿಟ್ಟು ಎಲ್ಲರೂ ಇದನ್ನು ತಿಳಿದುಕೊಳ್ಳಿ.

ಸುಪ್ರೀಂ ಕೋರ್ಟ್ 2016ರ ಮಾರ್ಚ್‌ನಲ್ಲೇ ಇದಕ್ಕೆ ನಿಯಮಗಳನ್ನು ಗಟ್ಟಿ ಮಾಡಿತು. ಅಪಘಾತದಲ್ಲಿ ಬಿದ್ದವರನ್ನು ಕರೆತಂದವರನ್ನು ಆಸ್ಪತ್ರೆಯವರು ಹಿಡಿದಿಟ್ಟುಕೊಳ್ಳುವಂತಿಲ್ಲ, ದುಡ್ಡು ಕಟ್ಟಿ ಎನ್ನುವಂತಿಲ್ಲ. ಹೆಸರು, ವಿಳಾಸ ಕೊಡಲೇಬೇಕು ಎಂದು ಪೊಲೀಸರೂ ಒತ್ತಾಯ ಮಾಡುವಂತಿಲ್ಲ. ಅದೇ ವರ್ಷ ನಮ್ಮ ಕರ್ನಾಟಕ ಇದಕ್ಕೆಂದೇ ಕಾನೂನು ಮಾಡಿತು. ದೇಶದಲ್ಲಿ ಮೊದಲು ಮಾಡಿದ ರಾಜ್ಯ ನಮ್ಮದು. 2018ರಲ್ಲಿ ರಾಷ್ಟ್ರಪತಿಗಳ ಒಪ್ಪಿಗೆ ಸಿಕ್ಕಿತು. ಅದರ ಹೆಸರಿನಲ್ಲೇ ‘ಗುಡ್ ಸಮಾರಿಟನ್’, ಅಂದರೆ ಒಳ್ಳೆಯ ಸಮಾರ್ಯದವನು, ಅನ್ನುವ ಮಾತಿದೆ! 2019ರಲ್ಲಿ ಮೋಟಾರು ವಾಹನ ಕಾಯ್ದೆಗೂ 134ಎ ಎಂಬ ಸೆಕ್ಷನ್ ಸೇರಿತು. ಒಳ್ಳೆಯ ಮನಸ್ಸಿನಿಂದ ಸಹಾಯ ಮಾಡುವಾಗ ಏನೋ ಎಡವಟ್ಟಾದರೆ ನಿಮ್ಮ ಮೇಲೆ ಕೇಸ್ ಇಲ್ಲ.

ಎರಡು ಸಾವಿರ ವರ್ಷದ ಹಿಂದಿನ ಕತೆಯ ಒಬ್ಬ ಹೆಸರಿಲ್ಲದ ಮನುಷ್ಯ ನಮ್ಮ ಕಾನೂನಿನೊಳಗೆ ಬಂದು ಕೂತಿದ್ದಾನೆ. ಅದು ಎಷ್ಟು ಜನರಿಗೆ ಗೊತ್ತು ಹೇಳಿ?

ಇನ್ನೊಂದು ಮಾತು. ಬಿದ್ದವರನ್ನು ಎತ್ತಿ ಕೂರಿಸಬೇಡಿ, ಕತ್ತು ತಿರುಗಿಸಬೇಡಿ. ಬೆನ್ನುಮೂಳೆಗೆ ಪೆಟ್ಟಾಗಿರಬಹುದು. ಬಾಯಿಗೆ ನೀರು ಹಾಕಬೇಡಿ. ರಕ್ತ ಸುರಿಯುತ್ತಿದ್ದರೆ ಚೊಕ್ಕ ಬಟ್ಟೆ ಇಟ್ಟು ಬಲವಾಗಿ ಒತ್ತಿ ಹಿಡಿಯಿರಿ, ಆಗಾಗ ತೆಗೆದು ನೋಡಬೇಡಿ. ಆ ಹುಡುಗ ಗಾಡಿ ಅಡ್ಡ ನಿಲ್ಲಿಸಿದ್ದು ಎಷ್ಟು ದೊಡ್ಡ ಕೆಲಸ ಗೊತ್ತಾ? ಹಿಂದಿನ ವಾಹನ ಮತ್ತೆ ಹತ್ತದಂತೆ ತಡೆಯುವುದೇ ಮೊದಲ ಸಹಾಯ.

ತುಮಕೂರು ರೋಡ್

ನೆಲಮಂಗಲ ಎಂದ ತಕ್ಷಣ 2016ರ ಫೆಬ್ರುವರಿ ನೆನಪಾಯಿತು. ಅಲ್ಲೇ ಹತ್ತಿರ ಲಾರಿ ಹರಿದು ದೇಹ ಎರಡು ತುಂಡಾದ ಹರೀಶ್. ನೋವಿನಲ್ಲೂ ನನ್ನ ಅಂಗ ದಾನ ಮಾಡಿ ಎಂದ ಹುಡುಗ. ಸುತ್ತ ಇದ್ದವರು ವಿಡಿಯೋ ಮಾಡಿದರು ಎಂದು ಆಗ ಎಲ್ಲ ಕಡೆ ಸುದ್ದಿಯಾಯಿತು. ಅವನ ಕಣ್ಣು ದಾನವಾಯಿತು. ಸರ್ಕಾರ ಅಪಘಾತದಲ್ಲಿ ಗಾಯಗೊಂಡವರಿಗೆ ಮೊದಲ 48 ಗಂಟೆ ಉಚಿತ ಚಿಕಿತ್ಸೆ ಕೊಡುವ ಯೋಜನೆ ತಂದು ಅವನ ಹೆಸರಿಟ್ಟಿತು. ಸಾಯುವ ಹೊತ್ತಿನಲ್ಲಿ, ಮುಖವೇ ಗೊತ್ತಿಲ್ಲದ ಯಾರಿಗೋ ಕೊಟ್ಟು ಹೋದ. ಆ ದಾರಿಯಲ್ಲಿ ಹೋಗುವಾಗೆಲ್ಲ ನನಗೆ ಅವನದೇ ನೆನಪು.

ನೇರ ಮಾತು

ನಾನು ಕ್ರೈಸ್ತನಲ್ಲ. ಕೇಳಬೇಕು ಅನಿಸಿದ್ದನ್ನು ಮುಚ್ಚಿಡದೆ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಸಹಾಯ ಮಾಡಿ ಎಂದು ಎಲ್ಲ ಧರ್ಮವೂ ಹೇಳುತ್ತದೆ. ನಿಮ್ಮಲ್ಲಿ ವಿಶೇಷ ಏನು? ಮತ್ತೆ, ಸೇವೆಯ ಹಿಂದೆ ಮತಕ್ಕೆ ಸೆಳೆಯುವ ಉದ್ದೇಶ ಇರುತ್ತದೆ ಎಂದು ತುಂಬಾ ಜನ ನಂಬಿದ್ದಾರೆ. ನನಗೂ ಆ ಅನುಮಾನ ಪೂರ್ತಿ ಹೋಗಿಲ್ಲ.

ಭಾನುವಾರ ಶಾಲೆ ಮೇಷ್ಟ್ರು

ಕೇಳಿದ್ದು ಒಳ್ಳೆಯದಾಯಿತು. ಸೇವೆಯ ಜೊತೆ ಷರತ್ತು ಇಟ್ಟವರು ಇದ್ದಾರೆ. ಇಲ್ಲ ಎಂದು ನಾನು ಹೇಳಲಾರೆ. ಆದರೆ ಈ ಕತೆಯಲ್ಲಿ ಅದಕ್ಕೆ ಜಾಗ ಇಲ್ಲ. ಗಾಯಗೊಂಡವನು ಕೊನೆಯವರೆಗೂ ಒಂದು ಮಾತೂ ಆಡುವುದಿಲ್ಲ. ಅವನ ಊರು, ಹೆಸರು, ಅವನು ಪೂಜಿಸುವ ದೇವರು ಯಾವುದನ್ನೂ ಯಾರೂ ಕೇಳುವುದಿಲ್ಲ. ಗುಣವಾದ ಮೇಲೆ ಅವನು ಎಲ್ಲಿಗೆ ಹೋದ, ಏನು ನಂಬಿದ ಎಂದು ಯೇಸು ಹೇಳುವುದೇ ಇಲ್ಲ. ಸಹಾಯ ಮಾಡಿದವನೂ ಯೇಸುವಿನ ಶಿಷ್ಯನಲ್ಲ, ಯೆಹೂದ್ಯನೂ ಅಲ್ಲ. ಬೇರೆ ಬೆಟ್ಟದಲ್ಲಿ ಆರಾಧನೆ ಮಾಡುವವನು. ಸಹಾಯಕ್ಕೆ ಬದಲು ಏನಾದರೂ ಕೇಳುವವನು ಈ ಸಮಾರ್ಯದವನ ಹೆಸರು ಹೇಳಬಾರದು ಎಂದು ನಾನು ನಂಬಿದ್ದೇನೆ.

ವಿಶೇಷ ಏನು ಎಂದು ಕೇಳಿದಿರಿ. ನಮ್ಮದೇ ದೊಡ್ಡದು ಎಂದು ಹೇಳಲು ಈ ಚರ್ಚೆ ಶುರು ಮಾಡಲಿಲ್ಲ. ನನ್ನ ಮನೆಯ ದೀಪದಲ್ಲಿ ಎಣ್ಣೆ ಇದೆಯಾ ಎಂದು ನೋಡಿಕೊಳ್ಳುತ್ತಿದ್ದೇನೆ, ಅಷ್ಟೇ.

ಹಳೇ ಸಭಾಪಾಲಕ

ನೇರ ಮಾತು ಅವರೇ, ಮೇಷ್ಟ್ರು ಬೆಟ್ಟದ ಮಾತು ಎತ್ತಿದರು. ಅದನ್ನು ಸ್ವಲ್ಪ ಬಿಡಿಸಿ ಹೇಳಲು ಅವಕಾಶ ಕೊಡಿ. ಕತೆಯ ಕೆಂಡ ಇರುವುದು ಅಲ್ಲೇ.

ಇವತ್ತು ‘ಸಮಾರ್ಯದವನು’ ಎಂದರೆ ಒಳ್ಳೆಯವನು ಎಂದೇ ಅರ್ಥವಾಗಿದೆ. ಅಂದು ಕೇಳುತ್ತಿದ್ದವರಿಗೆ ಆ ಹೆಸರು ಕೇಳಿದರೆ ಮೈ ಉರಿಯುತ್ತಿತ್ತು. ಸಮಾರ್ಯದವರ ಪವಿತ್ರ ಬೆಟ್ಟ ಗೆರಿಜ್ಜೀಮ್. ಅಲ್ಲಿದ್ದ ಅವರ ಗುಡಿಯನ್ನು ಯೆಹೂದ್ಯರನ್ನು ಆಳುತ್ತಿದ್ದ ಮಹಾಯಾಜಕ ಯೋಹಾನ ಹಿರ್ಕಾನನು ಕ್ರಿಸ್ತನಿಗೆ ಸುಮಾರು ನೂರು ವರ್ಷ ಹಿಂದೆಯೇ ಕೆಡವಿಸಿದ್ದ. ಎರಡೂ ಕಡೆ ಗಾಯ ಹಸಿಯಾಗಿಯೇ ಇತ್ತು. ಲೂಕನ ಒಂದು ಅಧ್ಯಾಯ ಹಿಂದಕ್ಕೆ ಹೋಗಿ. ಸಮಾರ್ಯದ ಒಂದು ಹಳ್ಳಿಯವರು ಯೇಸುವನ್ನು ಊರೊಳಗೆ ಬಿಟ್ಟುಕೊಳ್ಳುವುದಿಲ್ಲ. ಶಿಷ್ಯರಾದ ಯಾಕೋಬ, ಯೋಹಾನ ಇಬ್ಬರೂ ಆಕಾಶದಿಂದ ಬೆಂಕಿ ಬೀಳಿಸೋಣವಾ ಎಂದು ಕೇಳುತ್ತಾರೆ. ಯೇಸು ಅವರನ್ನು ಗದರಿಸುತ್ತಾನೆ. ಅದಾದ ಮುಂದಿನ ಅಧ್ಯಾಯದಲ್ಲೇ ಈ ಕತೆ ಬರುತ್ತದೆ. ಬಾಗಿಲು ಮುಚ್ಚಿದವರ ಜನದಿಂದಲೇ ಒಬ್ಬನನ್ನು ಎತ್ತಿಕೊಂಡು ನೆರೆಯವನ ಜಾಗದಲ್ಲಿ ನಿಲ್ಲಿಸುತ್ತಾನೆ.

ಯೇಸು ಈ ಕತೆ ಹೇಳಿದ್ದೇ ಒಬ್ಬ ಧರ್ಮೋಪದೇಶಕನ ಪ್ರಶ್ನೆಗೆ. ಅವನು ಕೇಳಿದ್ದು ‘ನನ್ನ ನೆರೆಯವನು ಯಾರು?’ ಎಂದು. ಅದು ಗಡಿ ಎಳೆಯುವ ಪ್ರಶ್ನೆ. ಎಲ್ಲಿಯವರೆಗೆ ಪ್ರೀತಿಸಿದರೆ ಸಾಕು, ಎಲ್ಲಿಂದಾಚೆ ಬಿಡಬಹುದು? ಯೇಸು ಉತ್ತರ ಕೊಡುವುದಿಲ್ಲ. ಈ ಮೂವರಲ್ಲಿ ಯಾರು ನೆರೆಯವನಾದ ಎಂದು ತಿರುಗಿಸಿ ಕೇಳುತ್ತಾನೆ. ಆ ಧರ್ಮೋಪದೇಶಕನ ಬಾಯಿಂದ ‘ಸಮಾರ್ಯದವನು’ ಎಂಬ ಪದ ಹೊರಡುವುದಿಲ್ಲ. ದಯೆ ತೋರಿಸಿದವನು ಎನ್ನುತ್ತಾನೆ.

ಒಂದು ಎಚ್ಚರಿಕೆಯನ್ನೂ ಹೇಳುತ್ತೇನೆ. ಯೆಹೂದ್ಯರಿಗೆ ದಯೆ ಇರಲಿಲ್ಲ ಎಂದು ಇದನ್ನು ಬೋಧಿಸಬೇಡಿ. ನಿನ್ನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂಬುದು ಅವರದೇ ಧರ್ಮಗ್ರಂಥವಾದ ಯಾಜಕಕಾಂಡದ 19ನೇ ಅಧ್ಯಾಯದ ಮಾತು. ಅದೇ ಅಧ್ಯಾಯದ ಕೊನೆಯಲ್ಲಿ, ನಿಮ್ಮ ನಡುವೆ ಇಳಿದುಕೊಂಡ ಪರದೇಶಿಯನ್ನೂ ಹಾಗೆಯೇ ಪ್ರೀತಿಸಿ, ನೀವೂ ಐಗುಪ್ತದಲ್ಲಿ ಪರದೇಶಿಗಳಾಗಿದ್ದಿರಿ ಎಂದಿದೆ. ಯೇಸು ಮಾತಾಡಿದ್ದು ಆ ಮನೆಯೊಳಗಿನಿಂದಲೇ.

ನಮ್ಮ ಕನ್ನಡದಲ್ಲಿ ಪರದೇಶಿ ಎಂದರೆ ಹೊರದೇಶದವನು ಮಾತ್ರ ಅಲ್ಲ ನೋಡಿ. ‘ಅವನು ಪರದೇಶಿ ಕಣಯ್ಯಾ’ ಎಂದರೆ ಹಿಂದೆ ಮುಂದೆ ಯಾರೂ ಇಲ್ಲದವನು. ಬೈಬಲಿನ ಮತ್ತಾಯ 25ರಲ್ಲಿ ಯೇಸು ನಾನು ಪರದೇಶಿಯಾಗಿದ್ದೆ, ನನ್ನನ್ನು ಸೇರಿಸಿಕೊಂಡಿರಿ ಎನ್ನುವಾಗ ನನ್ನ ಕಿವಿಗೆ ಎರಡೂ ಅರ್ಥ ಒಟ್ಟಿಗೆ ಕೇಳಿಸುತ್ತದೆ.

ಆ ಡೆಲಿವರಿ ಹುಡುಗ ಯಾವ ಊರಿನವನು ಎಂದು ಕೇಳಿದಿರಾ ಮೇಷ್ಟ್ರೇ?

ಭಾನುವಾರ ಶಾಲೆ ಮೇಷ್ಟ್ರು

ಅಸ್ಸಾಂ ಎಂದ. ಹೆಸರು ಕೇಳಲು ನನಗೆ ಹೊಳೆಯಲಿಲ್ಲ.

ನಿಜ ಹೇಳಬೇಕೆಂದರೆ, ಅದರ ಹಿಂದಿನ ವಾರವಷ್ಟೇ ನಮ್ಮ ಬೀದಿಯಲ್ಲಿ ಬಾಡಿಗೆಗೆ ಬಂದ ಹುಡುಗರ ಬಗ್ಗೆ ನಾನೂ ಗೊಣಗಿದ್ದೆ. ಎಲ್ಲೆಲ್ಲಿಂದಲೋ ಬರುತ್ತಾರೆ, ಭಾಷೆ ಕಲಿಯುವುದಿಲ್ಲ ಎಂದು. ಭಾಷೆ ಕಲಿಯಬೇಕು, ಆ ಮಾತನ್ನು ಈಗಲೂ ಬಿಡುವುದಿಲ್ಲ. ಆದರೆ ಅವತ್ತು ಮಳೆಯಲ್ಲಿ ಕನ್ನಡದ ಮನುಷ್ಯನೊಬ್ಬನಿಗೆ ಕಾವಲು ನಿಂತಿದ್ದವನು ಅವನು. ಕನ್ನಡ ಬರುವ ನಾನು ಯೂ-ಟರ್ನ್ ಹುಡುಕುತ್ತಿದ್ದೆ.

ಮನಸು ಓದುವವಳು

ಗೊತ್ತಿದ್ದೂ ಯಾಕೆ ನಿಲ್ಲುವುದಿಲ್ಲ ಎಂದು ಮೇಷ್ಟ್ರು ಕೇಳಿದರಲ್ಲ. ಇದನ್ನು ಪರೀಕ್ಷೆ ಮಾಡಿಯೇ ನೋಡಿದ್ದಾರೆ. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ, ಪಾದ್ರಿಗಳಾಗಲು ಓದುತ್ತಿದ್ದ ವಿದ್ಯಾರ್ಥಿಗಳ ಮೇಲೆ. ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಇದರ ಫಲಿತಾಂಶವನ್ನು 1973ರಲ್ಲಿ ಪ್ರಕಟಿಸಿದರು.

ವಿದ್ಯಾರ್ಥಿಗಳು ಪಕ್ಕದ ಕಟ್ಟಡಕ್ಕೆ ಹೋಗಿ ಚಿಕ್ಕ ಭಾಷಣ ಮಾಡಬೇಕಿತ್ತು. ಕೆಲವರಿಗೆ ವಿಷಯ ಇದೇ ಸಮಾರ್ಯದವನ ಕತೆ. ದಾರಿಯಲ್ಲಿ ಒಬ್ಬ ಮನುಷ್ಯ ಬಾಗಿಲ ಬಳಿ ಕುಸಿದು ಕೂತು ಕೆಮ್ಮುತ್ತಾ ನರಳುತ್ತಿದ್ದ. ಅವನನ್ನು ಅಲ್ಲಿ ಬೇಕೆಂದೇ ಕೂರಿಸಿದ್ದರು. ನಿಧಾನಕ್ಕೆ ಹೋಗಿ ಎಂದು ಕಳಿಸಿದವರಲ್ಲಿ 63% ಜನ ಸಹಾಯ ಮಾಡಿದರು. ಈಗ ಹೊರಟರೆ ಸರಿಹೋಗುತ್ತದೆ ಎಂದವರಲ್ಲಿ 45%. ಆಗಲೇ ತಡವಾಯಿತು, ಓಡಿ ಎಂದವರಲ್ಲಿ 10% ಮಾತ್ರ. ಭಾಷಣದ ವಿಷಯ ಸಮಾರ್ಯದವನ ಕತೆಯೋ ಬೇರೆಯದೋ ಅನ್ನುವುದು ದೊಡ್ಡ ವ್ಯತ್ಯಾಸ ತರಲಿಲ್ಲ.

ನಾನು ಇದನ್ನು ಕ್ಲಾಸಿನಲ್ಲಿ ಮೊದಲು ಕೇಳಿದಾಗ ಅತ್ತಿದ್ದೆ. ನಮ್ಮ ದಯೆ ಗಡಿಯಾರದ ಮುಳ್ಳಿಗೆ ಕಟ್ಟಿಕೊಂಡಿದೆಯಾ ಅನಿಸಿತು. ಆದರೆ ಮೇಷ್ಟ್ರೇ, ನಿಮ್ಮ ಕತೆ ಈ ಲೆಕ್ಕಕ್ಕೆ ಸಿಗುವುದಿಲ್ಲ. ನಿಮಿಷಕ್ಕೆ ದುಡ್ಡು ಕಳೆದುಕೊಳ್ಳುವ ಹುಡುಗ ನಿಂತ, ಅವಸರ ಇಲ್ಲದ ನೀವು ಹೋದಿರಿ. ನಿಮ್ಮನ್ನು ಓಡಿಸಿದ್ದು ಭಯ. ಅದನ್ನು ಕಡಿಮೆ ಮಾಡಲು ಸಾಧ್ಯ ಇದೆ. ನೈಟ್ ಡ್ಯೂಟಿ ಅಕ್ಕ ಬರೆದ ಕಾನೂನಿನ ವಿಷಯ ಮೊದಲೇ ಗೊತ್ತಿದ್ದರೆ ಆ ಲಾರಿ ಹಾರ್ನ್ ನಿಮ್ಮನ್ನು ಅಷ್ಟು ಸುಲಭಕ್ಕೆ ತಳ್ಳುತ್ತಿರಲಿಲ್ಲ ಅನಿಸುತ್ತದೆ.

ಎರಡು ಮಕ್ಕಳ ತಾಯಿ

ಎಲ್ಲ ಸರಿ. ರಾತ್ರಿ ಒಬ್ಬಳೇ ಸ್ಕೂಟರ್‌ನಲ್ಲಿ ಬರುವಾಗ ನಾನು ನಿಲ್ಲಿಸಬೇಕಾ? ಹಿಂದೆ ಮಗು ಕೂತಿದ್ದರೆ? ನಿಲ್ಲಿಸದಿದ್ದರೆ ನಾನು ಲೇವಿಯನಾ? ಸುಮ್ನೆ ವಾದಕ್ಕೆ ಕೇಳುತ್ತಿಲ್ಲ. ಇದು ನನ್ನನ್ನು ಚುಚ್ಚುತ್ತದೆ.

ನೈಟ್ ಡ್ಯೂಟಿ

ಅಲ್ಲ ತಂಗಿ. ಸ್ವಲ್ಪ ಮುಂದೆ ಬೆಳಕಿರುವ ಕಡೆ ನಿಲ್ಲಿಸಿ 112ಕ್ಕೋ 108ಕ್ಕೋ ಫೋನ್ ಮಾಡು. ಕಿಲೋಮೀಟರ್ ಕಲ್ಲು, ಪೆಟ್ರೋಲ್ ಬಂಕ್, ದೇವಸ್ಥಾನ, ಏನಾದರೂ ಗುರುತು ಹೇಳು. ಆಂಬುಲೆನ್ಸ್ ಹೊರಟಿತಾ ಎಂದು ಐದು ನಿಮಿಷ ಬಿಟ್ಟು ಮತ್ತೆ ಕೇಳು. ನಮ್ಮಲ್ಲಿಗೆ ಬದುಕಿ ಬರುವ ಎಷ್ಟೋ ಜನರ ಹಿಂದೆ ಇಂಥ ಒಂದು ಫೋನ್ ಇರುತ್ತದೆ. ಮಾಡಿದವರು ಯಾರು ಎಂದು ನಮಗೂ ಗೊತ್ತಾಗುವುದಿಲ್ಲ.

ರಸ್ತೆ ಕೆಲಸದವನು

ಒಂದು ಬೇರೆ ಮಾತು. ಸಮಾರ್ಯದವನು ಮುಂದಿನ ವಾರ ಅದೇ ದಾರಿಯಲ್ಲಿ ಬಂದಾಗ ಮತ್ತೊಬ್ಬ ಬಿದ್ದಿದ್ದರೆ? ಅದರ ಮುಂದಿನ ವಾರವೂ? ಎಷ್ಟು ಜನರಿಗೆ ಗಾಯ ಕಟ್ಟುತ್ತಾನೆ? ಮಾರ್ಟಿನ್ ಲೂಥರ್ ಕಿಂಗ್ ಇದನ್ನೇ ಹೇಳುತ್ತಿದ್ದರು, ಯೆರಿಕೋ ರಸ್ತೆಯನ್ನೇ ಬದಲಾಯಿಸಬೇಕು ಎಂದು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ನಾನು ರಸ್ತೆ ಗುತ್ತಿಗೆಯಲ್ಲಿ ಕೆಲಸ ಮಾಡುತ್ತೇನೆ. ದೀಪ ಇಲ್ಲದ ತಿರುವು, ಬಣ್ಣ ಹೊಡೆಯದ ಹಂಪು, ಅರ್ಧಕ್ಕೆ ನಿಂತ ಸರ್ವಿಸ್ ರಸ್ತೆ ಎಲ್ಲ ಕಣ್ಣೆದುರು ಕಾಣುತ್ತವೆ. ಒಂದು ರಿಫ್ಲೆಕ್ಟರ್ ಹಾಕಿಸುವುದೂ ನೆರೆಯವನಾಗುವ ಕೆಲಸ ಎಂದು ನನಗೆ ಅನಿಸುತ್ತದೆ.

ನೇರ ಮಾತು

ಇದು ನನಗೆ ಹಿಡಿಸಿತು. ಇನ್ನೊಂದು ಕೇಳಲಾ? ತೀವ್ರ ಗಾಯಗೊಂಡವರನ್ನು ಮೊದಲ ಒಂದು ಗಂಟೆಯೊಳಗೆ ಆಸ್ಪತ್ರೆಗೆ ಸೇರಿಸಿ ಜೀವ ಉಳಿಸಿದವರಿಗೆ ಕೇಂದ್ರ ಸರ್ಕಾರ 2021ರಲ್ಲಿ 5,000 ರೂಪಾಯಿ ಬಹುಮಾನ ಇಟ್ಟಿತು. 2025ರಲ್ಲಿ ಅದು 25,000 ಆಯಿತು. ಸಮಾರ್ಯದವನಿಗೆ ಬಹುಮಾನ ಕೊಡುವುದು ಸರಿಯಾ?

ಕಂಕನಾಡಿ

ಕೊಡಲಿ ಬಿಡಿ. ಆ ಡೆಲಿವರಿ ಹುಡುಗನಿಗೆ ಅವತ್ತಿನ ಕೂಲಿ ಹೋಯಿತಲ್ಲ. ಆದರೆ ಕತೆಯಲ್ಲಿ ದುಡ್ಡು ಹರಿಯುವುದು ಬೇರೆ ದಿಕ್ಕಿಗೆ. ಸಮಾರ್ಯದವನು ಮಾರನೆಯ ದಿನ ಎರಡು ದಿನಾರಿ ತೆಗೆದು ಛತ್ರದವನಿಗೆ ಕೊಟ್ಟ. ಎರಡು ದಿನದ ಕೂಲಿ ಅದು. ಜಾಸ್ತಿ ಖರ್ಚಾದರೆ ವಾಪಸ್ ಬರುವಾಗ ಕೊಡುತ್ತೇನೆ ಎಂದ.

ಆ ಛತ್ರದವನನ್ನು ನಾವು ಮರೆತುಬಿಡುತ್ತೇವೆ. ಗುರುತಿಲ್ಲದ ಗಾಯಾಳು, ಸಾಲದ ಲೆಕ್ಕ, ಅದೂ ಸಮಾರ್ಯದವನ ಮಾತು ನಂಬಿಕೊಂಡು. ಅವನು ಒಳಗೆ ಬಿಟ್ಟುಕೊಂಡ. ಛತ್ರಕ್ಕೆ ಗ್ರೀಕಿನಲ್ಲಿರುವ ಪದದ ಅರ್ಥವೇ ಎಲ್ಲರನ್ನೂ ಸೇರಿಸಿಕೊಳ್ಳುವ ಜಾಗ ಎಂದು. ಮುಂದೆ ಕ್ರೈಸ್ತರು ಕಟ್ಟಿದ್ದು ಅಂಥ ಛತ್ರಗಳನ್ನೇ. ಸುಮಾರು 370ರ ಹೊತ್ತಿಗೆ ಬಿಷಪ್ ಬೆಸಿಲ್ ಕೈಸರೈಯದಲ್ಲಿ, ಈಗಿನ ಟರ್ಕಿಯಲ್ಲಿ, ರೋಗಿಗಳಿಗೆ, ಬಡವರಿಗೆ, ದಾರಿಹೋಕರಿಗೆ ಒಂದು ಊರಿನಷ್ಟು ದೊಡ್ಡ ಆಸರೆ ಕಟ್ಟಿಸಿದರು. ಅದಕ್ಕೂ ಕೆಲವು ವರ್ಷ ಮೊದಲು ರೋಮ್ ಚಕ್ರವರ್ತಿ ಜೂಲಿಯನ್ ಒಂದು ಪತ್ರ ಬರೆದಿದ್ದ. ಅವನಿಗೆ ಕ್ರೈಸ್ತರನ್ನು ಕಂಡರೆ ಆಗುತ್ತಿರಲಿಲ್ಲ. ಆದರೂ ಇವರು ತಮ್ಮ ಬಡವರನ್ನಷ್ಟೇ ಅಲ್ಲ, ನಮ್ಮ ಬಡವರನ್ನೂ ಸಾಕುತ್ತಾರೆ ಎಂದು ಪೇಚಾಡಿಕೊಂಡಿದ್ದಾನೆ. ಮಂಗಳೂರಿನ ನಮ್ಮ ಕಂಕನಾಡಿಯಲ್ಲೇ ಫಾದರ್ ಮುಲ್ಲರ್ 1880ರಲ್ಲಿ ಹೋಮಿಯೋಪತಿ ಔಷಧಿ ಕೊಡಲು ಶುರು ಮಾಡಿದರು. 1890ರಲ್ಲಿ, ಊರವರು ದೂರ ಇಟ್ಟಿದ್ದ ಕುಷ್ಠರೋಗಿಗಳಿಗೆ ಜಾಗ ಮಾಡಿದರು. ನನ್ನ ಅಜ್ಜಿ ಆ ಕಾಂಪೌಂಡ್ ಗೋಡೆ ನೋಡಿದಾಗೆಲ್ಲ ಶಿಲುಬೆ ಗುರುತು ಹಾಕಿಕೊಳ್ಳುತ್ತಿದ್ದರು.

ಅದಕ್ಕೇ ಮೇಷ್ಟ್ರ ಪೋಸ್ಟಿನ ಆ ಕೌಂಟರ್ ನನಗೂ ನೋವು ಕೊಟ್ಟಿತು. ರಸ್ತೆಯಲ್ಲಿ ಸಮಾರ್ಯದವರು ಎಷ್ಟೇ ಜನ ಹುಟ್ಟಲಿ, ಛತ್ರದ ಬಾಗಿಲು ಮುಚ್ಚಿದ್ದರೆ ಅವರು ಎಲ್ಲಿಗೆ ಹೋಗಬೇಕು?

ನೈಟ್ ಡ್ಯೂಟಿ

ಈ ಮಾತನ್ನು ನಮ್ಮ ವಾರ್ಡಿನ ಗೋಡೆಗೆ ಅಂಟಿಸುತ್ತೇನೆ. ಮತ್ತೊಂದು ವಿಷಯ. 2025ರ ಮೇನಿಂದ ರಸ್ತೆ ಅಪಘಾತದವರಿಗೆ ಕೇಂದ್ರದ ನಗದುರಹಿತ ಚಿಕಿತ್ಸೆಯ ಯೋಜನೆ ಇದೆ. ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ, 1.5 ಲಕ್ಷ ರೂಪಾಯಿವರೆಗೆ. ಕೌಂಟರಿನಲ್ಲಿ ಇದನ್ನು ಕೇಳಿ. ಗಟ್ಟಿ ದನಿಯಲ್ಲೇ ಕೇಳಿ.

ಹಳೇ ಸಭಾಪಾಲಕ

ಮೇಷ್ಟ್ರೇ, ವಾಪಸ್ ಬರುವಾಗ ಎಂದು ಸಮಾರ್ಯದವನು ಹೇಳಿದ ಮಾತನ್ನು ಕಂಕನಾಡಿಯವರು ನೆನಪಿಸಿದರು. ನೀವು ಆಮೇಲೆ ಆ ಆಸ್ಪತ್ರೆಗೆ ಹೋಗಿದ್ದಿರಾ?

ಭಾನುವಾರ ಶಾಲೆ ಮೇಷ್ಟ್ರು

ಹೋಗಿರಲಿಲ್ಲ ಅಯ್ಯನವರೇ. ನಿಮ್ಮ ಪ್ರಶ್ನೆ ಓದಿ ನಿನ್ನೆ ಹೋದೆ. ಇಷ್ಟು ವರ್ಷ ನಾನು ಮಕ್ಕಳ ನಾಟಕವನ್ನು ಛತ್ರದ ಬಾಗಿಲಿನಲ್ಲೇ ಮುಗಿಸಿಬಿಡುತ್ತಿದ್ದೆ. ಮಾರನೆಯ ದಿನದ ದೃಶ್ಯವೇ ನಮ್ಮ ನಾಟಕದಲ್ಲಿ ಇರಲಿಲ್ಲ.

ಅವರನ್ನು ಮಂಗಳವಾರ ಮನೆಗೆ ಕಳಿಸಿದ್ದಾರೆ. ತೊಡೆ ಮೂಳೆ ಮುರಿದಿದೆ, ರಾಡ್ ಹಾಕಿದ್ದಾರೆ. ಜೀವಕ್ಕೆ ತೊಂದರೆ ಇಲ್ಲ. ಅವರ ಅಣ್ಣ ಅವತ್ತು ರಾತ್ರಿ ನಂಬರ್ ಬರೆದುಕೊಟ್ಟಿದ್ದರು. ಫೋನ್ ಮಾಡಿದೆ. ಮಾಗಡಿ ಹತ್ತಿರದ ಹಳ್ಳಿ. ಗಾರೆ ಕೆಲಸ, ಇನ್ನು ಮೂರ್ನಾಲ್ಕು ತಿಂಗಳು ಏಳುವ ಹಾಗಿಲ್ಲ. ಆಸ್ಪತ್ರೆಯಲ್ಲಿ ಕಟ್ಟಿದ ದುಡ್ಡನ್ನು ವಾಪಸ್ ಕೊಡುತ್ತೇವೆ, ಸ್ವಲ್ಪ ಟೈಮ್ ಕೊಡಿ ಸಾರ್ ಎಂದರು. ಅವರು ಅದನ್ನು ಸಾಲ ಎಂದುಕೊಂಡಿದ್ದಾರೆ. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ.

ಡೆಲಿವರಿ ಹುಡುಗ ಸಿಕ್ಕಿದನಾ ಎಂದು ಅವರೂ ಕೇಳಿದರು. ನೆಲಮಂಗಲದಲ್ಲಿ ಆ ಹುಡುಗರು ಊಟಕ್ಕೆ ನಿಲ್ಲುವ ಎರಡು ಮೂರು ಅಂಗಡಿಗಳಲ್ಲಿ ವಿಚಾರಿಸಿದ್ದೇನೆ. ಇನ್ನೂ ಸಿಕ್ಕಿಲ್ಲ.

ಭಾನುವಾರ ಆರಾಧನೆ ಮುಗಿಸಿ ಮಾಗಡಿಗೆ ಹೋಗುತ್ತಿದ್ದೇನೆ. ಹೆಲ್ಮೆಟ್ ಒರೆಸಿ ಇಟ್ಟಿದ್ದೇನೆ. ಮೂರ್ನಾಲ್ಕು ತಿಂಗಳಿಗೆ ಆಗುವಷ್ಟು ರೇಷನ್ ತೆಗೆದುಕೊಂಡು ಹೋಗುವ ಯೋಚನೆ ಇದೆ. ಆ ಕಡೆಯವರು ಯಾರಾದರೂ ಜೊತೆಗೆ ಬರುವುದಾದರೆ ಹೇಳಿ. ಕಾರಿನಲ್ಲಿ ಮೂರು ಜನಕ್ಕೆ ಜಾಗ ಇದೆ.

ರಸ್ತೆ ಕೆಲಸದವನು

ನಾನು ಬರುತ್ತೇನೆ. ತಾವರೆಕೆರೆಯಲ್ಲಿ ಹತ್ತಿಕೊಳ್ಳುತ್ತೇನೆ.

ನೇರ ಮಾತು

ನಾನೂ. ಎಷ್ಟು ಗಂಟೆಗೆ?